ರಾಯಣ್ಣನ ಹೆಸರಿಗೆ ಎಷ್ಟು ಜಾಗ ಬೇಕು?

ನಂದಗಡ ಎಂದು ಬರೆಯಲು ನಾಲ್ಕು ಅಕ್ಷರ, ಒಂದು ಸೊನ್ನೆ ಸಾಕು. ಒತ್ತಿಲ್ಲ, ಕೊಂಬಿಲ್ಲ, ದೀರ್ಘವಿಲ್ಲ. ದಪ್ಪ ಗೆರೆಯ, ತುದಿ ದುಂಡಗಿರುವ ಫಾಂಟಿನಲ್ಲಿ ಬರೆಸಿದರೆ ಫಲಕದ ತುಂಬ ಕೂರುತ್ತದೆ. ಅದೇ ಅಳತೆಯ ಪಟ್ಟಿಯಲ್ಲಿ ‘ಸಂಗೊಳ್ಳಿ ರಾಯಣ್ಣ’ ಎಂದು ಬರೆಸಿ ನೋಡಿ. 1831ರ ಜನವರಿಯಲ್ಲಿ ಇದೇ ಊರಲ್ಲಿ ಗಲ್ಲಿಗೇರಿದ ವೀರನ ಹೆಸರಿನಲ್ಲಿ ಎರಡು ಒತ್ತಕ್ಷರಗಳಿವೆ. ಅವು ಸಾಲಿನ ಕೆಳಗೆ ಇಳಿಯುತ್ತವೆ. ಪಟ್ಟಿ ಎತ್ತರವಾಗದಿದ್ದರೆ ಇಡೀ ಹೆಸರೇ ಚಿಕ್ಕದಾಗಬೇಕು.

ವೃತ್ತ, ಕಮಾನು, ನೇರ ಗೆರೆಗಳನ್ನೇ ಆಧಾರವಾಗಿಟ್ಟುಕೊಂಡ ಅಕ್ಷರಶೈಲಿಗೆ ಜ್ಯಾಮಿತೀಯ ಶೈಲಿ ಎನ್ನುತ್ತಾರೆ. ಜರ್ಮನಿಯ ಪೌಲ್ ರೆನ್ನರ್ ರೂಪಿಸಿ 1927ರಲ್ಲಿ ಹೊರಬಂದ ಫ್ಯೂಚುರಾ ಇದರ ಹೆಸರಾಂತ ಮಾದರಿ. ಕೈವಾರ ಹಿಡಿದು ಎಳೆದಂತೆ ಕಂಡರೂ ಅದು ಹಾಗಿಲ್ಲ. ನಮ್ಮ ಕಣ್ಣಿಗೆ ಚೌಕದಷ್ಟೇ ಎತ್ತರದ ವೃತ್ತ ಚೌಕಕ್ಕಿಂತ ಗಿಡ್ಡಗೆ ಕಾಣುತ್ತದೆ. ಒಂದೇ ದಪ್ಪದ ಎರಡು ಗೆರೆಗಳಲ್ಲಿ ಅಡ್ಡಗೆರೆ ದಪ್ಪವೆನಿಸುತ್ತದೆ. ಹಾಗಾಗಿ ವಿನ್ಯಾಸಕರು ದುಂಡಕ್ಷರವನ್ನು ಸಾಲಿನಿಂದ ಕೂದಲೆಳೆಯಷ್ಟು ಆಚೆ ಚಾಚಿಸುತ್ತಾರೆ, ಅಡ್ಡಗೆರೆಯನ್ನು ತುಸು ತೆಳುವಾಗಿಸುತ್ತಾರೆ. ಲೆಕ್ಕದಲ್ಲಿ ತಪ್ಪಾದ ಅಕ್ಷರವೇ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ನನಗೆ ಈ ವಿದ್ಯೆಯಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದು.

ತುದಿ ದುಂಡಾಗಿಸುವುದರಿಂದ ಬಳಕೆಯಲ್ಲೂ ಲಾಭವಿದೆ. ರೇಡಿಯಂ ಸ್ಟಿಕರ್ ಕತ್ತರಿಸಿ ಅಂಟಿಸಿದಾಗ ಮೊದಲು ಏಳುವುದು ಚೂಪು ಮೂಲೆ. ದುಂಡು ಮೂಲೆ ಹೆಚ್ಚು ಕಾಲ ಹಿಡಿದಿರುತ್ತದೆ.

ಕನ್ನಡ ಮೊದಲೇ ದುಂಡು ಲಿಪಿ. ತಾಳೆಗರಿಯ ನಾರಿನ ಗುಂಟ ನೇರ ಗೆರೆ ಕೊರೆದರೆ ಗರಿ ಸೀಳುತ್ತದೆ, ಅದಕ್ಕೇ ಅಕ್ಷರ ಬಾಗಿತು ಎಂಬುದು ಪ್ರಚಲಿತ ವಿವರಣೆ. ನಂದಗಡಕ್ಕೆ ಹತ್ತಿರದ ಹಲಸಿ, ಅಂದರೆ ಕದಂಬರ ಪಲಾಶಿಕಾ, ತಾಮ್ರಪಟಗಳಿಗೆ ಹೆಸರಾದ ಊರು. ಕನ್ನಡ ಲಿಪಿಯ ಹಿಂದಿನ ರೂಪವನ್ನು ಅಂಥ ಪಟಗಳಲ್ಲಿ ಕಾಣಬಹುದು. ಆದರೆ ಲಿಪಿ ದುಂಡಗಿದೆ ಎಂದ ಮಾತ್ರಕ್ಕೆ ದುಂಡು ಫಾಂಟ್ ಸಲೀಸಲ್ಲ. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’ ಬೇರೆಯಾಗುವುದು ತಳದ ಒಂದು ಸಣ್ಣ ಸೀಳಿನಿಂದ. ಗೆರೆ ದಪ್ಪವಾದಷ್ಟೂ ಆ ಸೀಳು ಮುಚ್ಚುತ್ತದೆ. ತುದಿಗಳೂ ಉಬ್ಬಿದರೆ ದೂರದಿಂದ ‘ಧನ’ ಯಾವುದು, ‘ದನ’ ಯಾವುದು ಗೊತ್ತಾಗುವುದಿಲ್ಲ. ಒಳ್ಳೆಯ ವಿನ್ಯಾಸಕರು ಸೀಳನ್ನು ಬೇಕೆಂದೇ ಅಗಲಿಸುತ್ತಾರೆ, ಒತ್ತಕ್ಷರದ ಗೆರೆಯನ್ನು ಮೇಲಿನ ಅಕ್ಷರಕ್ಕಿಂತ ತೆಳ್ಳಗಿಡುತ್ತಾರೆ.

ನಂದಗಡವಿರುವ ಖಾನಾಪುರ ತಾಲ್ಲೂಕಿನಲ್ಲಿ ಕನ್ನಡದ ಜೊತೆ ಮರಾಠಿಯೂ ಓದುವವರಿದ್ದಾರೆ. ದೇವನಾಗರಿಯ ಪದಗಳು ನೇರ ತಲೆಗೆರೆಯ ಕೆಳಗೆ ತೂಗುತ್ತವೆ, ನಮ್ಮ ತಲೆಕಟ್ಟು ಅಕ್ಷರಕ್ಕೊಂದು ಬಿಡಿ. ಎರಡಕ್ಕೂ ಒಂದೇ ಗೆರೆ, ಒಂದೇ ತೂಕ ಬರಲು ಒಂದೇ ಮನೆತನದ ಫಾಂಟ್ ಬೇಕು. ಏಕ್ ಟೈಪ್ ತಂಡದ ಬಾಲೂ ಅಂಥದ್ದು: ಮೂಲೆಗಳು ದುಂಡು, ಮೈ ದಪ್ಪ, ಬಳಕೆ ಉಚಿತ; ಕನ್ನಡದ ರೂಪದ ಹೆಸರು ಬಾಲೂ ತಮ್ಮ. ಶೀರ್ಷಿಕೆಗೆ, ಮಕ್ಕಳ ಪುಸ್ತಕಕ್ಕೆ, ಅಂಗಡಿ ಫಲಕಕ್ಕೆ ಒಪ್ಪುತ್ತದೆ. ಪುಟಗಟ್ಟಲೆ ಓದಲು ದಪ್ಪ ರೂಪ ಬೇಡ.

ಕರ್ನಾಟಕದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕು. ಆ ಜಾಗದೊಳಗೆ ಒತ್ತುಗಳಿಗೆಂದು ಅಕ್ಷರ ಕುಗ್ಗಿದರೆ ಬಸ್ಸಿನಿಂದ ನೋಡುವವರಿಗೆ ಉಪಯೋಗವಿಲ್ಲ. ಒತ್ತನ್ನು ಬಿಟ್ಟು ಮೂಲಾಕ್ಷರ ಇಷ್ಟು ಎತ್ತರ ಇರಲೇಬೇಕೆಂದು ಫಲಕ ಬರೆಸುವವರು ಪಟ್ಟು ಹಿಡಿಯಬೇಕು.