ಹೊಸ ಕಾರಿನ ಎಂಜಿನ್ ಪಳಗಿಸುವಿಕೆ

ಎಂಜಿನ್ ಪಳಗಿಸುವಿಕೆ ಅಥವಾ ರನ್ನಿಂಗ್-ಇನ್ ಎಂದರೆ ಹೊಸ ವಾಹನದ ಎಂಜಿನ್ನಿನಲ್ಲಿ ಒಂದಕ್ಕೊಂದು ಉಜ್ಜಿಕೊಂಡು ಚಲಿಸುವ ಭಾಗಗಳು ಪರಸ್ಪರ ಹೊಂದಿಕೊಳ್ಳುವವರೆಗೆ ವಾಹನವನ್ನು ನಿಯಮಬದ್ಧವಾಗಿ ಓಡಿಸುವ ಕ್ರಮ. ಸಾಮಾನ್ಯವಾಗಿ ಕಾರುಗಳಲ್ಲಿ ಮೊದಲ 1,000 ಕಿ.ಮೀ.ಗಳಿಂದ 2,000 ಕಿ.ಮೀ.ಗಳವರೆಗಿನ ಓಟವನ್ನು ಪಳಗಿಸುವ ಅವಧಿ ಎಂದು ಪರಿಗಣಿಸಲಾಗುತ್ತದೆ. ಈ ಅವಧಿಯಲ್ಲಿ ಅತಿವೇಗ, ಅತಿಭಾರ ಹಾಗೂ ದೀರ್ಘಕಾಲದ ಏಕರೀತಿಯ ವೇಗವನ್ನು ತಪ್ಪಿಸಬೇಕೆಂದು ಬಹುತೇಕ ತಯಾರಕರು ಸೂಚಿಸುತ್ತಾರೆ. ಎಂಜಿನ್ನಿನ ಬಾಳಿಕೆ, ಇಂಧನದ ಮಿತವ್ಯಯ ಮತ್ತು ಎಂಜಿನ್ ಆಯಿಲ್ ವ್ಯಯವಾಗುವ ಪ್ರಮಾಣ, ಇವುಗಳೊಂದಿಗೆ ಈ ಕ್ರಮಕ್ಕೆ ಸಂಬಂಧವಿದೆ. ಹೊಸ ಕಾರಿಗೆ ಮಾತ್ರವಲ್ಲದೆ, ಬೋರ್ ಮಾಡಿಸಿ ಹೊಸ ಪಿಸ್ಟನ್ ಮತ್ತು ರಿಂಗ್ ಹಾಕಿಸಿದ ಹಳೆಯ ಎಂಜಿನ್ನಿಗೂ ಇದು ಅನ್ವಯಿಸುತ್ತದೆ.

ಹೆಸರು

ಕರ್ನಾಟಕದ ಚಾಲಕರು ಮತ್ತು ಮೆಕ್ಯಾನಿಕ್‌ಗಳ ಆಡುಮಾತಿನಲ್ಲಿ ‘ರನ್ನಿಂಗ್-ಇನ್’ ಎಂಬ ಪದವೇ ಹೆಚ್ಚು ಬಳಕೆಯಲ್ಲಿದೆ. ಹೊಸದಾಗಿ ನೊಗಕ್ಕೆ ಕಟ್ಟಿದ ಹೋರಿಯನ್ನು ಮೊದಲ ದಿನವೇ ತುಂಬಿದ ಗಾಡಿಗೆ ಹೂಡುವ ಪದ್ಧತಿ ರೈತರಲ್ಲಿಲ್ಲ; ಹಾಗೆಂದು ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇಯಿಸಿದರೆ ಅದು ಉಳುಮೆಗೆ ಒದಗುವುದೂ ಇಲ್ಲ. ಎಂಜಿನ್ನಿಗೆ ಸಂಬಂಧಿಸಿದಂತೆ ‘ಪಳಗಿಸು’ ಎಂಬ ಮಾತು ಈ ಎರಡೂ ಅರ್ಥಗಳನ್ನು ಒಳಗೊಳ್ಳುತ್ತದೆ.

ಎಂಜಿನ್ನಿನೊಳಗೆ ನಡೆಯುವ ಕ್ರಿಯೆ

ಸಿಲಿಂಡರಿನ ಒಳಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ವಾಸ್ತವದಲ್ಲಿ ಹಾಗಿರುವುದಿಲ್ಲ. ತಯಾರಿಕೆಯ ಕೊನೆಯ ಹಂತದಲ್ಲಿ ಹೋನಿಂಗ್ ಎಂಬ ಉಜ್ಜುವ ಕ್ರಿಯೆಯಿಂದ ಗೋಡೆಯ ಮೇಲೆ ಒಂದನ್ನೊಂದು ಓರೆಯಾಗಿ ಕತ್ತರಿಸುವ ಅತಿ ಸೂಕ್ಷ್ಮ ಗೆರೆಗಳನ್ನು ಮೂಡಿಸಲಾಗುತ್ತದೆ. ಈ ಗೆರೆಗಳ ತಗ್ಗುಗಳು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಅವುಗಳ ಏಣುಗಳು ಪಿಸ್ಟನ್ ರಿಂಗುಗಳೊಂದಿಗೆ ಉಜ್ಜಿ ಕ್ರಮೇಣ ಸವೆಯುತ್ತವೆ. ಏಣುಗಳು ತಕ್ಕಷ್ಟು ಸವೆದು, ರಿಂಗಿನ ಅಂಚು ಮತ್ತು ಗೋಡೆ ಸುತ್ತಲೂ ಸಮವಾಗಿ ತಾಗುವಂತಾದಾಗ ‘ರಿಂಗ್ ಕುಳಿತಿದೆ’ ಎನ್ನಲಾಗುತ್ತದೆ.

ಸಾಮಾನ್ಯ ಕಾರಿನ ಪ್ರತಿ ಪಿಸ್ಟನ್ನಿಗೂ ಮೂರು ರಿಂಗುಗಳಿರುತ್ತವೆ. ಮೇಲಿನ ಎರಡು ಮುಖ್ಯವಾಗಿ ಅನಿಲದ ಒತ್ತಡ ಕೆಳಕ್ಕೆ ಸೋರದಂತೆ ತಡೆಯುತ್ತವೆ. ಕೆಳಗಿನದು ಗೋಡೆಯ ಮೇಲಿನ ಹೆಚ್ಚುವರಿ ಎಣ್ಣೆಯನ್ನು ಕೆರೆದು ಕೆಳಕ್ಕಿಳಿಸುತ್ತದೆ. ರಿಂಗು ತನ್ನದೇ ಸ್ಪ್ರಿಂಗ್ ಗುಣದಿಂದ ಗೋಡೆಯನ್ನು ಒತ್ತುವ ಬಲ ಸೀಮಿತವಾದುದು. ಇಂಧನ ಉರಿದಾಗ ಉಂಟಾಗುವ ಅನಿಲವು ಮೇಲಿನ ರಿಂಗಿನ ಹಿಂಬದಿಗೆ ನುಗ್ಗಿ ಅದನ್ನು ಗೋಡೆಯತ್ತ ದೂಡುತ್ತದೆ. ಆದುದರಿಂದ ಎಂಜಿನ್ನಿನ ಮೇಲೆ ಒಂದಿಷ್ಟು ಹೊರೆ ಇದ್ದಾಗಲೇ ರಿಂಗುಗಳು ಚೆನ್ನಾಗಿ ಹೊಂದಿಕೊಳ್ಳುತ್ತವೆ. ಹೊರೆ ಮಿತಿಮೀರಿದರೆ ಉಜ್ಜುವಿಕೆಯ ಶಾಖದಿಂದ ಎಣ್ಣೆಯ ಪದರ ಹರಿದು ಗೋಡೆಗೆ ಗೀರು ಬೀಳಬಹುದು. ಪಳಗಿಸುವಿಕೆಯ ಎಲ್ಲ ನಿಯಮಗಳೂ ಈ ಎರಡು ಅತಿಗಳ ನಡುವಿನ ದಾರಿಯನ್ನು ಹಿಡಿಯುವ ಪ್ರಯತ್ನಗಳೇ ಆಗಿವೆ.

ರಿಂಗುಗಳ ಜೊತೆಗೆ ಕ್ಯಾಮ್‌ಶಾಫ್ಟ್, ಬೇರಿಂಗುಗಳು, ಗೇರ್ ಪೆಟ್ಟಿಗೆ ಹಾಗೂ ಡಿಫರೆನ್ಷಿಯಲ್‌ನ ಹಲ್ಲುಗಳು ಕೂಡ ಈ ಅವಧಿಯಲ್ಲಿ ಹೊಂದಿಕೊಳ್ಳುತ್ತವೆ. ಹೀಗೆ ಸವೆದ ಲೋಹದ ಸೂಕ್ಷ್ಮ ಕಣಗಳು ಎಣ್ಣೆಯಲ್ಲಿ ಸೇರಿ ಬಹುಮಟ್ಟಿಗೆ ಆಯಿಲ್ ಫಿಲ್ಟರಿನಲ್ಲಿ ನಿಲ್ಲುತ್ತವೆ.

ಅತಿ ಮೃದು ಬಳಕೆಯ ದೋಷ

ಹೊಸ ಕಾರನ್ನು ಎಷ್ಟು ನಿಧಾನವಾಗಿ ಓಡಿಸಿದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧಸತ್ಯ. ಎಂಜಿನ್ ದೀರ್ಘಕಾಲ ಹೊರೆಯಿಲ್ಲದೆ, ಅಥವಾ ನಿಂತಲ್ಲೇ ಐಡಲಿಂಗಿನಲ್ಲಿ ಓಡಿದರೆ ರಿಂಗುಗಳ ಹಿಂದೆ ಸಾಕಷ್ಟು ಒತ್ತಡ ಉಂಟಾಗುವುದಿಲ್ಲ. ಗೋಡೆಯ ಮೇಲೆ ಉಳಿದ ಎಣ್ಣೆ ಶಾಖದಿಂದ ಗಟ್ಟಿಯಾಗಿ, ವಾರ್ನಿಷ್ ಬಳಿದಂತಹ ಹೊಳಪಿನ ಪದರವಾಗುತ್ತದೆ. ಇದನ್ನು ಗ್ಲೇಜಿಂಗ್ ಎನ್ನುತ್ತಾರೆ. ಹೋನಿಂಗ್ ಗೆರೆಗಳು ಮುಚ್ಚಿಹೋದ ಮೇಲೆ ರಿಂಗುಗಳು ಕುಳಿತುಕೊಳ್ಳಲು ಆಸ್ಪದವಿರುವುದಿಲ್ಲ. ಉರಿದ ಅನಿಲ ರಿಂಗುಗಳನ್ನು ದಾಟಿ ಕೆಳಗಿನ ಎಣ್ಣೆಯ ಕೋಶಕ್ಕೆ ಸೋರುತ್ತದೆ. ಎಣ್ಣೆ ಮೇಲಕ್ಕೆ ಸೇರಿ ಉರಿಯುತ್ತದೆ. ಪರಿಣಾಮವಾಗಿ ಸೈಲೆನ್ಸರಿನಿಂದ ನೀಲಿ ಹೊಗೆ ಬರಬಹುದು, ಎಣ್ಣೆಯ ಮಟ್ಟ ಪದೇಪದೇ ಕುಸಿಯಬಹುದು.

ಡೀಸೆಲ್ ಎಂಜಿನ್ನುಗಳಲ್ಲಿ ಈ ದೋಷ ಹೆಚ್ಚಾಗಿ ಕಂಡುಬರುತ್ತದೆ. ಕಲ್ಯಾಣಮಂಟಪ, ಆಸ್ಪತ್ರೆ ಮೊದಲಾದ ಕಡೆ ಒಂದೆರಡು ದೀಪಗಳಿಗಾಗಿ ಗಂಟೆಗಟ್ಟಲೆ ಓಡುವ ದೊಡ್ಡ ಜನರೇಟರುಗಳು ಇದಕ್ಕೆ ಉದಾಹರಣೆ. ಗ್ಲೇಜಿಂಗ್ ಬಲವಾಗಿ ಹಿಡಿದರೆ ಎಂಜಿನ್ ಬಿಚ್ಚಿಸಿ ಮತ್ತೆ ಹೋನಿಂಗ್ ಮಾಡಿಸುವುದೇ ಖಚಿತ ಪರಿಹಾರ.

ಇತಿಹಾಸ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಎಂಜಿನ್ ಭಾಗಗಳ ಅಳತೆಯಲ್ಲಿ ಇಂದಿನಷ್ಟು ನಿಖರತೆ ಇರಲಿಲ್ಲ. ಎಣ್ಣೆಗಳ ಗುಣಮಟ್ಟವೂ ಕಡಿಮೆಯಿತ್ತು. ಆದುದರಿಂದ ಪಳಗಿಸುವಿಕೆ ಕಟ್ಟುನಿಟ್ಟಾದ ವಿಧಿಯಾಗಿತ್ತು. ಬ್ರಿಟನ್ನಿನಲ್ಲಿ ಹೊಸ ಕಾರಿನ ಹಿಂಗಾಜಿಗೆ ‘ರನ್ನಿಂಗ್-ಇನ್, ದಯವಿಟ್ಟು ಮುಂದೆ ಹೋಗಿ’ ಎಂಬ ಅರ್ಥದ ಚೀಟಿ ಅಂಟಿಸುವ ರೂಢಿಯಿತ್ತು.

ಕರ್ನಾಟಕದಲ್ಲಿ ಒಂದು ತಲೆಮಾರಿಗೆ ಈ ಕ್ರಮದ ಪರಿಚಯವಾದುದು ಮೋಟರ್‌ಸೈಕಲ್ಲುಗಳಿಂದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ವಾಹನಗಳನ್ನು ತಯಾರಿಸಿತು. ಇವುಗಳ ಎರಡು-ಸ್ಟ್ರೋಕ್ ಎಂಜಿನ್ನುಗಳಿಗೆ ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಬೇಕಾಗಿತ್ತು. ಎರಡು-ಸ್ಟ್ರೋಕ್ ವಾಹನಗಳನ್ನು ಪಳಗಿಸುವಾಗ ಎಣ್ಣೆಯ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸುವುದು ವಾಡಿಕೆ.

ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟರ್ ಸಂಸ್ಥೆ 1999ರ ಡಿಸೆಂಬರಿನಲ್ಲಿ ತಯಾರಿಕೆಯನ್ನು ಆರಂಭಿಸುವ ವೇಳೆಗೆ ಗಣಕನಿಯಂತ್ರಿತ ಯಂತ್ರಗಳಿಂದ ಭಾಗಗಳ ನಿಖರತೆ ಬಹಳ ಹೆಚ್ಚಿತ್ತು. ಇಂದಿನ ಹೋನಿಂಗ್ ವಿಧಾನಗಳಲ್ಲಿ ಏಣುಗಳ ತುದಿಯನ್ನು ಕಾರ್ಖಾನೆಯಲ್ಲಿಯೇ ಸವರಿ ಸಮತಟ್ಟಾಗಿಸುವುದರಿಂದ ಗ್ರಾಹಕನ ಕೈಯಲ್ಲಿ ಆಗಬೇಕಾದ ಸವೆತ ಕಡಿಮೆಯಾಗಿದೆ. ಆದರೂ ಪಳಗಿಸುವ ಸೂಚನೆಗಳನ್ನು ತಯಾರಕರು ಕೈಬಿಟ್ಟಿಲ್ಲ.

ತಯಾರಕರ ಸೂಚನೆಗಳು

ಸೂಚನೆಗಳು ಸಂಸ್ಥೆಯಿಂದ ಸಂಸ್ಥೆಗೆ, ಮಾದರಿಯಿಂದ ಮಾದರಿಗೆ ಬೇರೆಯಾಗುತ್ತವೆ. ಕಾರಿನೊಂದಿಗೆ ಬರುವ ಕೈಪಿಡಿಯಲ್ಲಿರುವುದೇ ಆ ಕಾರಿಗೆ ಪ್ರಮಾಣ. ಕೆಲವು ಉದಾಹರಣೆಗಳು:

• ಟೊಯೊಟಾ: ಮೊದಲ 300 ಕಿ.ಮೀ. ಹಠಾತ್ ಬ್ರೇಕ್ ಹಾಕಬಾರದು. ಮೊದಲ 800 ಕಿ.ಮೀ. ಟ್ರೇಲರ್ ಎಳೆಯಬಾರದು. ಮೊದಲ 1,000 ಕಿ.ಮೀ. ಅತಿವೇಗ, ಹಠಾತ್ ವೇಗವರ್ಧನೆ, ಕೆಳಗಿನ ಗೇರುಗಳಲ್ಲಿ ಸತತ ಓಟ ಮತ್ತು ದೀರ್ಘಕಾಲ ಒಂದೇ ವೇಗದ ಚಾಲನೆ ಸಲ್ಲದು.
• ಹೋಂಡಾ: ಪಳಗಿಸುವ ಅವಧಿಯಲ್ಲಿ ಆಕ್ಸಿಲರೇಟರನ್ನು ಪೂರ್ತಿಯಾಗಿ ಒತ್ತಬಾರದು, ನಿಗದಿತ ಸರ್ವಿಸಿಗೆ ಮೊದಲು ಎಂಜಿನ್ ಆಯಿಲ್ ಬದಲಾಯಿಸಬಾರದು.
• ಫೋಕ್ಸ್‌ವ್ಯಾಗನ್: ಮೊದಲ 1,000 ಕಿ.ಮೀ. ಎಂಜಿನ್ನಿನ ಗರಿಷ್ಠ ಸುತ್ತುವೇಗದ ಮೂರನೆಯ ಎರಡು ಭಾಗವನ್ನು ಮೀರಬಾರದು. 1,000ದಿಂದ 1,500 ಕಿ.ಮೀ.ವರೆಗೆ ಕ್ರಮವಾಗಿ ಏರಿಸಬಹುದು.
• ಬಿ.ಎಂ.ಡಬ್ಲ್ಯು.: ಮೊದಲ 2,000 ಕಿ.ಮೀ. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4,500 ಸುತ್ತುಗಳನ್ನೂ ಡೀಸೆಲ್ ಎಂಜಿನ್ 3,500 ಸುತ್ತುಗಳನ್ನೂ ಮೀರಬಾರದು.

ಅಂಕಿಗಳು ಬೇರೆಯಾದರೂ ಈ ಸೂಚನೆಗಳ ತಿರುಳು ಒಂದೇ: ಎಂಜಿನ್ನಿನ ಪೂರ್ಣ ಶಕ್ತಿಯನ್ನು ಆರಂಭದಲ್ಲಿಯೇ ಬಳಸಬಾರದು, ಹಂತಹಂತವಾಗಿ ಹೆಚ್ಚಿಸಬೇಕು.

ಚಾಲನೆಯ ಕ್ರಮ

ಎಂಜಿನ್ ಚಾಲೂ ಮಾಡಿದ ಕೂಡಲೇ ಜೋರಾಗಿ ರೇಸ್ ಮಾಡುವುದು ಹಾನಿಕರ. ತಣ್ಣಗಿರುವ ಎಣ್ಣೆ ಎಲ್ಲ ಭಾಗಗಳಿಗೂ ತಲುಪಲು ಕೆಲವು ಕ್ಷಣ ಬೇಕು. ಅರ್ಧ ನಿಮಿಷದ ನಂತರ ಮೆಲ್ಲಗೆ ಹೊರಟು, ಎಂಜಿನ್ ಬಿಸಿಯೇರುವವರೆಗೆ ಹಗುರವಾಗಿ ಓಡಿಸುವುದು ಸೂಕ್ತ. ಬೆಚ್ಚಗಾದ ಬಳಿಕ ಮಧ್ಯಮ ಹೊರೆಯಲ್ಲಿ ವೇಗವನ್ನು ಏರಿಸುತ್ತ, ಇಳಿಸುತ್ತ ಸಾಗಬೇಕು. ವೇಗ ಬದಲಾದಂತೆ ರಿಂಗುಗಳ ಮೇಲಿನ ಒತ್ತಡ ಬದಲಾಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಉಜ್ಜಿದ ಭಾಗಗಳಿಗೆ ತಣಿಯಲು ಅವಕಾಶ ದೊರೆಯುತ್ತದೆ. ಕ್ರೂಸ್ ಕಂಟ್ರೋಲ್ ಬಳಸಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಸಾಗುವುದು ಈ ಅವಧಿಗೆ ತಕ್ಕುದಲ್ಲ.

ಹೊಸ ಚಾಲಕರು ಅರಿಯದೆ ಮಾಡುವ ತಪ್ಪೆಂದರೆ ಎತ್ತರದ ಗೇರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸುವುದು. ಕಡಿಮೆ ಸುತ್ತುವೇಗದಲ್ಲಿ ಆಕ್ಸಿಲರೇಟರನ್ನು ಆಳವಾಗಿ ಒತ್ತಿದರೆ ಬೇರಿಂಗುಗಳ ಮೇಲೆ ಭಾರ ಹೆಚ್ಚುತ್ತದೆ, ಎಣ್ಣೆಯ ಪದರ ತೆಳುವಾಗುತ್ತದೆ. ಎಂಜಿನ್ ನಡುಗತೊಡಗಿದರೆ ಒಂದು ಗೇರ್ ಇಳಿಸುವುದೇ ಸರಿ.

ಎಂಜಿನ್ನಿನಂತೆಯೇ ಹೊಸ ಟೈರುಗಳಿಗೂ ಬ್ರೇಕಿನ ಪ್ಯಾಡುಗಳಿಗೂ ಪಳಗುವ ಅವಧಿಯಿದೆ. ಹೊಸ ಟೈರಿನ ಮೇಲ್ಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ದ್ರವ್ಯದ ಅಂಶ ಉಳಿದಿರುವುದರಿಂದ ಆರಂಭದಲ್ಲಿ ರಸ್ತೆಯ ಹಿಡಿತ ಕಡಿಮೆ. ಪ್ಯಾಡುಗಳು ಡಿಸ್ಕಿಗೆ ಪೂರ್ಣವಾಗಿ ಹೊಂದಿಕೊಂಡಿರುವುದಿಲ್ಲ. ಎಂಜಿನ್ನಿನ ನಿಯಮ ತಪ್ಪಿದರೆ ಹಣದ ನಷ್ಟ. ಬ್ರೇಕ್ ಮತ್ತು ಟೈರಿನ ವಿಷಯದಲ್ಲಿ ಪ್ರಾಣದ ಪ್ರಶ್ನೆಯಿದೆ.

ಸ್ಥಳೀಯ ನಿದರ್ಶನ: ಹಾಸನ ಜಿಲ್ಲೆಯ ರಸ್ತೆಗಳು

ಪಳಗಿಸುವಿಕೆಗೆ ವಿಶೇಷ ರಸ್ತೆ ಬೇಕಿಲ್ಲ. ಊರು, ಬಯಲು, ಏರಿಳಿತ ಮೂರೂ ಬೆರೆತ ದಿನನಿತ್ಯದ ದಾರಿ ಸಾಕು. ಹಾಸನ ಜಿಲ್ಲೆ ಇದಕ್ಕೆ ಉತ್ತಮ ನಿದರ್ಶನ. ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿರುವ ಜಿನನಾಥಪುರ ಶ್ರವಣಬೆಳಗೊಳಕ್ಕೆ ಹೊಂದಿಕೊಂಡಿದೆ. ಅಲ್ಲಿಂದ ಚನ್ನರಾಯಪಟ್ಟಣದ ಮೂಲಕ ಹಾಸನಕ್ಕೆ ಸುಮಾರು 50 ಕಿ.ಮೀ. ಇದೆ. ಆರಂಭದ ಹಳ್ಳಿ ರಸ್ತೆಯಲ್ಲಿ ತಿರುವುಗಳೂ ಹಂಪುಗಳೂ ಇರುವುದರಿಂದ ಗೇರುಗಳು ಮತ್ತೆ ಮತ್ತೆ ಬದಲಾಗುತ್ತವೆ, ಎಂಜಿನ್ ಮೆಲ್ಲಗೆ ಬೆಚ್ಚಗಾಗುತ್ತದೆ. ಚನ್ನರಾಯಪಟ್ಟಣದ ನಂತರ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಮಧ್ಯಮ ಹೊರೆಯ ಓಟ ಸಾಧ್ಯ. ಅಲ್ಲಿ ವೇಗವನ್ನು ಆಗಾಗ ಬದಲಿಸುವುದಷ್ಟೇ ಚಾಲಕನ ಕೆಲಸ. ಹೋಗಿಬರಲು ಸುಮಾರು 100 ಕಿ.ಮೀ. ಆಗುವುದರಿಂದ ಇಂತಹ ಹತ್ತು ಪ್ರಯಾಣಗಳಲ್ಲಿ 1,000 ಕಿ.ಮೀ. ಪೂರ್ಣವಾಗುತ್ತದೆ. ಹಾಸನದಿಂದ ಹೊಳೆನರಸೀಪುರ ಅಥವಾ ಅರಕಲಗೂಡಿಗೆ ಹೋಗುವ ರಸ್ತೆಗಳೂ ಇಂತಹ ಮಿಶ್ರ ಓಟಕ್ಕೆ ಅನುಕೂಲವಾಗಿವೆ.

ಹೊಸ ಕಾರು ಕೊಂಡ ಅನೇಕ ಕುಟುಂಬಗಳು ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಟ ಮೊದಲ ವಾರದಲ್ಲೇ ಧರ್ಮಸ್ಥಳ, ಸುಬ್ರಹ್ಮಣ್ಯ ಕ್ಷೇತ್ರಗಳಿಗೆ ಹೋಗಿಬರುವುದುಂಟು. ಹಾಸನದ ಕಡೆಯಿಂದ ಇಲ್ಲಿಗೆ ಸಕಲೇಶಪುರದ ಆಚೆಯ ಶಿರಾಡಿ ಘಾಟಿಯನ್ನು ಇಳಿದು, ಹಿಂದಿರುಗುವಾಗ ಏರಬೇಕು. ಐದು ಜನ ಮತ್ತು ಸಾಮಾನು ತುಂಬಿದ ಹೊಸ ಕಾರಿಗೆ ಇದು ಹಗುರ ಪರೀಕ್ಷೆಯಲ್ಲ. ಯಾತ್ರೆಯನ್ನು ಕೆಲವು ನೂರು ಕಿ.ಮೀ. ಓಟದ ನಂತರಕ್ಕೆ ಇಟ್ಟುಕೊಳ್ಳುವುದು ಉತ್ತಮ. ಹೋಗಲೇಬೇಕಾದಲ್ಲಿ ಇಳಿಯುವಾಗ ಕೆಳಗಿನ ಗೇರನ್ನು ಬಳಸಿ ಹೊಸ ಬ್ರೇಕುಗಳ ಮೇಲಿನ ಭಾರವನ್ನು ಕಡಿಮೆ ಮಾಡಬೇಕು. ಏರುವಾಗ ಸಕಾಲದಲ್ಲಿ ಗೇರ್ ಇಳಿಸಬೇಕು. ಲಾರಿಗಳನ್ನು ಹಿಂದಿಕ್ಕಲು ಪೂರ್ಣ ಆಕ್ಸಿಲರೇಟರ್ ಒತ್ತುವ ಸಂದರ್ಭವನ್ನು ತಂದುಕೊಳ್ಳಬಾರದು. ಆದರೆ ಎದುರಿನಿಂದ ವಾಹನ ಬರುವಂತಹ ಅಪಾಯದ ಕ್ಷಣದಲ್ಲಿ ಪಳಗಿಸುವ ನಿಯಮವನ್ನು ನೆನೆದು ಹಿಂಜರಿಯಬಾರದು. ಒಂದೆರಡು ಬಾರಿಯ ಪೂರ್ಣ ಶಕ್ತಿಯ ಬಳಕೆಯಿಂದ ಎಂಜಿನ್ ಕೆಡುವುದಿಲ್ಲ.

ಆಯಿಲ್ ಮತ್ತು ಮೊದಲ ಸರ್ವಿಸ್

ಹೊಸ ಎಂಜಿನ್ ಆರಂಭದಲ್ಲಿ ಸ್ವಲ್ಪ ಹೆಚ್ಚು ಎಣ್ಣೆ ಬಳಸುವುದು ಸಹಜ. ಆದುದರಿಂದ ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷಗಳ ನಂತರ ಡಿಪ್‌ಸ್ಟಿಕ್ಕಿನಿಂದ ಮಟ್ಟವನ್ನು ನೋಡುವುದು ಒಳ್ಳೆಯ ಅಭ್ಯಾಸ. ಮುಂಜಾನೆ ಚಳಿಯಲ್ಲಿ ಬರುವ ಬಿಳಿ ಆವಿ ಸಾಮಾನ್ಯವಾಗಿ ನೀರಿನ ಅಂಶ; ಸತತವಾದ ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಸೂಚನೆ.

ಭಾರತದಲ್ಲಿ ಹಲವು ಕಾರುಗಳಿಗೆ ಮೊದಲ ಉಚಿತ ಸರ್ವಿಸ್ 1,000 ಕಿ.ಮೀ. ಅಥವಾ ಒಂದು ತಿಂಗಳಿಗೆ ನಿಗದಿಯಾಗಿರುತ್ತದೆ. ಇದು ಬಹುತೇಕ ತಪಾಸಣೆಗೆ ಸೀಮಿತ. ಈ ಹಂತದಲ್ಲಿ ಎಣ್ಣೆ ಬದಲಾಯಿಸಬೇಕೇ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಸವೆದ ಲೋಹಕಣಗಳನ್ನು ಬೇಗ ಹೊರಹಾಕುವುದು ಒಳಿತೆಂಬುದು ಹಳೆಯ ಮೆಕ್ಯಾನಿಕ್‌ಗಳ ವಾದ. ಕಾರ್ಖಾನೆಯಲ್ಲಿ ತುಂಬಿದ ಎಣ್ಣೆಯೇ ಆರಂಭದ ಓಟಕ್ಕೆ ತಕ್ಕುದೆಂದು ಹೋಂಡಾದಂತಹ ತಯಾರಕರು ಹೇಳುತ್ತಾರೆ. ವಾರಂಟಿಯ ದೃಷ್ಟಿಯಿಂದ ಕೈಪಿಡಿಯನ್ನು ಅನುಸರಿಸಿ ರಸೀದಿಗಳನ್ನು ಇಟ್ಟುಕೊಳ್ಳುವುದು ಸುರಕ್ಷಿತ.

ಭಿನ್ನಾಭಿಪ್ರಾಯ

ಮೊದಲ ಕೆಲವು ಕಿಲೋಮೀಟರುಗಳಲ್ಲಿಯೇ ಎಂಜಿನ್ನಿಗೆ ಹೆಚ್ಚಿನ ಹೊರೆ ಕೊಟ್ಟರೆ ರಿಂಗುಗಳು ಚೆನ್ನಾಗಿ ಕೂರುತ್ತವೆ ಎಂದು ಕೆಲವರು ವಾದಿಸುತ್ತಾರೆ. ಈ ವಾದಕ್ಕೆ ಆಧಾರವಿಲ್ಲದಿಲ್ಲ: ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಹೊಸ ಎಂಜಿನ್ನನ್ನು ಶೇ. 65ರಿಂದ 75ರಷ್ಟು ಶಕ್ತಿಯಲ್ಲಿ, ಸಾದಾ ಖನಿಜ ಎಣ್ಣೆಯೊಂದಿಗೆ ಓಡಿಸಿ ಪಳಗಿಸುವ ಪದ್ಧತಿಯಿದೆ. ಆದರೆ ಅವು ಗಾಳಿಯಿಂದ ತಣಿಯುವ, ಬೇರೆ ರಚನೆಯ ಎಂಜಿನ್ನುಗಳು. ಅಲ್ಲಿಯೂ ಹೊರೆಗೆ ಮಿತಿಯಿದೆ. ಎಂಜಿನ್ ಬೆಚ್ಚಗಾದ ಮೇಲೆ ಕೊಡುವ ಮಧ್ಯಮ ಹೊರೆ ಎರಡೂ ಪಕ್ಷಗಳಿಗೆ ಒಪ್ಪಿತವಾದ ಅಂಶ.

ವಿದ್ಯುತ್ ಕಾರುಗಳು

ವಿದ್ಯುತ್ ಕಾರುಗಳಲ್ಲಿ ಪಿಸ್ಟನ್ನು, ರಿಂಗು, ಸಿಲಿಂಡರುಗಳಿಲ್ಲದ ಕಾರಣ ಈ ಅರ್ಥದ ಪಳಗಿಸುವಿಕೆಯ ಅಗತ್ಯವಿಲ್ಲ. ಟೈರು ಮತ್ತು ಬ್ರೇಕುಗಳಿಗೆ ಸಂಬಂಧಿಸಿದ ಎಚ್ಚರಿಕೆ ಮಾತ್ರ ಅವುಗಳಿಗೂ ಅನ್ವಯಿಸುತ್ತದೆ. ಪೆಟ್ರೋಲ್ ಎಂಜಿನ್ನೂ ಇರುವ ಹೈಬ್ರಿಡ್ ಕಾರುಗಳಲ್ಲಿ ಎಂಜಿನ್ ಆಗಾಗ ತಾನೇ ಆರಿ ಹೊತ್ತಿಕೊಳ್ಳುವುದರಿಂದ, ಕಾರು ಓಡಿದ ದೂರಕ್ಕಿಂತ ಎಂಜಿನ್ ಓಡಿದ ದೂರ ಕಡಿಮೆಯಿರುತ್ತದೆ. ಇಂತಹ ಕಾರುಗಳಿಗೂ ಅವುಗಳ ಕೈಪಿಡಿಯ ಸೂಚನೆಯೇ ಮಾರ್ಗದರ್ಶಿ.