ಹಾಡುಗಾರನೇ ಪೈಲಟ್, ಹಿಂದಿನ ಸೀಟಿನಲ್ಲಿ ಕ್ಯಾಮೆರಾ

2008ರ ಫೆಬ್ರುವರಿ 1ರ ಸಂಜೆ ಮುಂಬೈನ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್ ಮೈದಾನದಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ‘ಏಸಸ್ ಹೈ’ ಹಾಡು ಎತ್ತಿಕೊಂಡಿತು. ವೇದಿಕೆಯ ಮೇಲೆ ಕೂಗಿ ಹಾಡುತ್ತಿದ್ದ ಬ್ರೂಸ್ ಡಿಕಿನ್ಸನ್ ಬರೀ ಗಾಯಕನಲ್ಲ, ತಂಡವನ್ನು ಹೊತ್ತು ತಂದ ಬೋಯಿಂಗ್ 757 ವಿಮಾನದ ಪೈಲಟ್ ಕೂಡ. ಅಲ್ಲಿಂದ 45 ದಿನ, ಐದು ಖಂಡ, 23 ಕಾರ್ಯಕ್ರಮ, ಸುಮಾರು 50,000 ಮೈಲಿ. ಆ ಓಟವೇ ಮರುವರ್ಷ ‘ಐರನ್ ಮೇಡನ್: ಫ್ಲೈಟ್ 666’ ಎಂಬ ಸಾಕ್ಷ್ಯಚಿತ್ರವಾಗಿ ತೆರೆಗೆ ಬಂತು.

ಚಿತ್ರಕ್ಕೆ ಮೊದಲು ಹುಟ್ಟಿದ್ದು ವಿಮಾನದ ಯೋಚನೆ. ಅದರ ಹಿಂದಿದ್ದದ್ದು ಶೋಕಿಗಿಂತ ಹೆಚ್ಚಾಗಿ ಲೆಕ್ಕಾಚಾರ.

ದೊಡ್ಡ ರಾಕ್ ತಂಡವೊಂದು ಊರಿಂದೂರಿಗೆ ಹೋಗುವುದೆಂದರೆ ಗಿಟಾರು ಹೆಗಲಿಗೇರಿಸಿ ಹೊರಟಂತಲ್ಲ. ಡ್ರಮ್ ಸೆಟ್ಟು, ಆಂಪ್ಲಿಫೈಯರ್, ವೇದಿಕೆಯ ಪರದೆ, ಜೊತೆಗೆ ಇವೆಲ್ಲವನ್ನೂ ಕಟ್ಟಿ ಬಿಚ್ಚುವ ಹತ್ತಾರು ಜನ. ಯುರೋಪು, ಅಮೆರಿಕಗಳಲ್ಲಿ ಲಾರಿ ಮತ್ತು ಬಸ್ಸು ಸಾಕು. ಮುಂಬೈಯಿಂದ ಪರ್ತ್, ಟೋಕಿಯೊದಿಂದ ಲಾಸ್ ಏಂಜಲೀಸ್, ಕೋಸ್ಟರಿಕದಿಂದ ಬೊಗೊಟಾ ಎಂದರೆ ಲಾರಿ ಎಲ್ಲಿಗೆ ಹೋದೀತು? ಹಡಗಿಗೆ ಹಾಕಿದರೆ ವಾರಗಟ್ಟಲೆ ಕಾಯಬೇಕು, ಸರಕು ವಿಮಾನ ಬೇರೆ, ಜನಕ್ಕೆ ಟಿಕೆಟ್ ಬೇರೆ ಎಂದರೆ ಗಳಿಕೆಯೆಲ್ಲ ಬಾಡಿಗೆಗೇ ಸರಿಹೋಗುತ್ತದೆ. ದೊಡ್ಡ ತಂಡಗಳು ಅಪರೂಪಕ್ಕೆ ಮಾತ್ರ ನಮ್ಮ ಕಡೆ ಸುಳಿಯುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಡಿಕಿನ್ಸನ್ ಆಗ ಆಸ್ಟ್ರೇಯಸ್ ಎಂಬ ಬ್ರಿಟಿಷ್ ವಿಮಾನ ಸಂಸ್ಥೆಯಲ್ಲಿ ಸಂಬಳ ಪಡೆಯುವ ಪೈಲಟ್. ಅದೇ ಸಂಸ್ಥೆಯ ವಿಮಾನವೊಂದನ್ನು ಬಾಡಿಗೆಗೆ ಪಡೆದು, ಹಿಂಭಾಗದ ಸೀಟುಗಳನ್ನು ಕಿತ್ತು, ಆ ಜಾಗದಲ್ಲಿ ಸಾಮಾನು ತುಂಬಲು ವ್ಯವಸ್ಥೆ ಮಾಡಲಾಯಿತು. ಪ್ರಯಾಣಿಕರ ಕ್ಯಾಬಿನ್ನಿನಲ್ಲೇ ಸರಕು ಒಯ್ಯುವುದಕ್ಕೆ ಪ್ರತ್ಯೇಕ ಅನುಮತಿಯೂ ಬೇಕಾಯಿತು. ಹೀಗೆ ತಂಡ, ಕೆಲಸಗಾರರು, ಟನ್ನುಗಟ್ಟಲೆ ಸಲಕರಣೆ, ಎಲ್ಲವೂ ಒಟ್ಟಿಗೇ ಹಾರಿದವು. ವಿಮಾನದ ಬಾಲದ ಮೇಲೆ ತಂಡದ ಲಾಂಛನವಾದ ‘ಎಡ್ಡಿ’ಯ ಚಿತ್ರ ಬಂತು, ‘ಎಡ್ ಫೋರ್ಸ್ ಒನ್’ ಎಂಬ ಹೆಸರೂ ಬಂತು.

ಇಂಥ ಪ್ರಯಾಣವನ್ನು ಚಿತ್ರೀಕರಿಸದೆ ಬಿಡುವುದುಂಟೆ? ಆದರೆ 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಸ್ಟೀವ್ ಹ್ಯಾರಿಸ್ ಕಟ್ಟಿದ ಈ ತಂಡ ತನ್ನ ಖಾಸಗಿ ಬದುಕನ್ನು ಕ್ಯಾಮೆರಾಗೆ ಸುಲಭವಾಗಿ ತೆರೆದಿಡುವಂಥದ್ದಲ್ಲ. ಅವಕಾಶ ಸಿಕ್ಕಿದ್ದು ಕೆನಡಾದ ಸ್ಯಾಮ್ ಡನ್ ಮತ್ತು ಸ್ಕಾಟ್ ಮೆಕ್‌ಫೇಡನ್ ಜೋಡಿಗೆ. ಡನ್ ಮಾನವಶಾಸ್ತ್ರ ಓದಿದವರು. ಈ ಜೋಡಿಯ 2005ರ ‘ಮೆಟಲ್: ಎ ಹೆಡ್‌ಬ್ಯಾಂಗರ್ಸ್ ಜರ್ನಿ’ ಚಿತ್ರಕ್ಕಾಗಿ ಡಿಕಿನ್ಸನ್ ಸಂದರ್ಶನ ಕೊಟ್ಟಿದ್ದರು. ಹಾಗಾಗಿ ಪರಿಚಯವಿತ್ತು, ಇವರು ಗೇಲಿ ಮಾಡಲು ಬಂದವರಲ್ಲ ಎಂಬ ನಂಬಿಕೆಯೂ ಇತ್ತು. ಚಿತ್ರತಂಡಕ್ಕೆ ಅದೇ ವಿಮಾನದಲ್ಲಿ ಸೀಟು ಸಿಕ್ಕಿತು.

ಅವರ ಒಂದು ತೀರ್ಮಾನವನ್ನು ಮೆಚ್ಚಲೇಬೇಕು. ಈ ಚಿತ್ರದ ಡಿವಿಡಿಯಲ್ಲಿ ಇಡೀ ಕಛೇರಿ ಬೇರೆಯಾಗಿಯೇ ಇದೆ: 16 ಹಾಡು, 16 ಊರು. ‘ದಿ ಟ್ರೂಪರ್’ ಟೋಕಿಯೊದಲ್ಲಿ, ‘ಪವರ್‌ಸ್ಲೇವ್’ ಕೋಸ್ಟರಿಕದ ಸ್ಯಾನ್ ಹೊಸೆಯಲ್ಲಿ, ‘ಫಿಯರ್ ಆಫ್ ದಿ ಡಾರ್ಕ್’ ಬ್ಯೂನಸ್ ಐರಿಸ್‌ನಲ್ಲಿ, ಕೊನೆಯ ‘ಹ್ಯಾಲೋಡ್ ಬಿ ದೈ ನೇಮ್’ ಟೊರಾಂಟೊದಲ್ಲಿ. ಎಲ್ಲ ಕಡೆಯೂ ಅದೇ ಈಜಿಪ್ಟ್ ಮಾದರಿಯ ರಂಗಸಜ್ಜಿಕೆ. 1984ರ ‘ಪವರ್‌ಸ್ಲೇವ್’ ಆಲ್ಬಂ ಕಾಲವನ್ನು ನೆನಪಿಸುವುದೇ ಆ ಪ್ರವಾಸದ ಉದ್ದೇಶವಾಗಿತ್ತು. ವೇದಿಕೆ ಬದಲಾಗದ್ದರಿಂದ ಊರು ಬದಲಾದದ್ದು ತಿಳಿಯುವುದು ಪ್ರೇಕ್ಷಕರ ಮುಖಗಳಿಂದಲೇ.

ಆ ಮುಖಗಳೇ ಚಿತ್ರದ ಆಸ್ತಿ. ಬೊಗೊಟಾದಲ್ಲಿ ಅಭಿಮಾನಿಗಳು ದಿನಗಳ ಮೊದಲೇ ಮೈದಾನದ ಹೊರಗೆ ಟೆಂಟು ಹಾಕಿ ಕೂತಿದ್ದಾರೆ. ತಂಡ ಆ ದೇಶಕ್ಕೆ ಬಂದದ್ದೇ ಅದು ಮೊದಲ ಸಲ. ಡ್ರಮ್ಮರ್ ನಿಕೊ ಮೆಕ್‌ಬ್ರೇನ್ ಎಸೆದ ಡ್ರಮ್ ಕೋಲು ಕೈಗೆ ಸಿಕ್ಕ ಒಬ್ಬಾತ ಕಾರ್ಯಕ್ರಮ ಮುಗಿದ ಮೇಲೂ ಅದನ್ನು ಹಿಡಿದುಕೊಂಡು ಬಿಕ್ಕುತ್ತಿದ್ದಾನೆ. ನಿರ್ದೇಶಕರು ಅವನನ್ನು ಏನೂ ಕೇಳದೆ, ಏನೂ ಹೇಳಿಸದೆ ನಮ್ಮನ್ನು ಸುಮ್ಮನೆ ನೋಡಲು ಬಿಡುತ್ತಾರೆ. ಬ್ರೆಜಿಲ್‌ನಲ್ಲಿ ಮೈತುಂಬ ಮೇಡನ್ ಹಚ್ಚೆ ಹಾಕಿಸಿಕೊಂಡ ಪಾದ್ರಿಯೊಬ್ಬರೂ ಎದುರಾಗುತ್ತಾರೆ!

ಜಗಳವಿಲ್ಲದ ರಾಕ್ ಚಿತ್ರ ಇದು ಎಂದು ಮೂಗು ಮುರಿದವರಿದ್ದರೆ ಅವರದ್ದು ಪೂರ್ತಿ ತಪ್ಪಲ್ಲ. 2004ರ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಚಿತ್ರದಲ್ಲಿ ಮೆಟಾಲಿಕಾ ತಂಡದವರು ಆಪ್ತಸಲಹೆಗಾರನ ಮುಂದೆ ಕೂತು ಒಬ್ಬರನ್ನೊಬ್ಬರು ಹರಿದು ಹಾಕುತ್ತಾರೆ. ಇಲ್ಲಿಯವರು ಗಾಲ್ಫ್ ಆಡುತ್ತಾರೆ, ಟೆನಿಸ್ ಆಡುತ್ತಾರೆ. ಡಿಕಿನ್ಸನ್ 1993ರಲ್ಲಿ ತಂಡ ಬಿಟ್ಟು 1999ರಲ್ಲಿ ಮರಳಿದವರು. ಆ ವರ್ಷಗಳನ್ನು ಇನ್ನಷ್ಟು ಕೆದಕಬಹುದಿತ್ತು ಅನ್ನಿಸುತ್ತದೆ. ಆದರೆ ಐವತ್ತರ ಆಸುಪಾಸಿನ ಆರು ಜನ ಬೇಸರವಿಲ್ಲದೆ ಕೆಲಸಕ್ಕೆ ಹೋಗಿಬರುವುದನ್ನು ನೋಡುವುದರಲ್ಲೂ ಒಂದು ಸೊಗಸಿದೆ.

ಭಾರತದಲ್ಲಿ ಮೇಡನ್ ಮೊದಲು ನುಡಿಸಿದ್ದು ಮುಂಬೈಯಲ್ಲಲ್ಲ, 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ. 2009ರ ಫೆಬ್ರುವರಿಯಲ್ಲಿ ಅದೇ ಮೈದಾನಕ್ಕೆ ತಂಡ ಮತ್ತೆ ಬಂತು. ಮರುತಿಂಗಳು ರಿಯೊ ಡಿ ಜನೈರೊದಲ್ಲಿ ‘ಫ್ಲೈಟ್ 666’ರ ಮೊದಲ ಪ್ರದರ್ಶನವಾಯಿತು. ಅಮೆರಿಕದ ಆಸ್ಟಿನ್‌ನಲ್ಲಿ ನಡೆಯುವ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಲ್ಲಿ ಸಂಗೀತ ಚಿತ್ರಗಳ ಪ್ರಶಸ್ತಿಯೂ ಬಂತು. ಏಪ್ರಿಲ್ 21ರಂದು ಹಲವು ದೇಶಗಳ ಚಿತ್ರಮಂದಿರಗಳಲ್ಲಿ ಬಿಡುಗಡೆ.

ಚಿತ್ರದಲ್ಲಿ ಹಿಂದೆ ಉಳಿದವರು ಯಾರಾದರೂ ಇದ್ದರೆ ಅವರು ಪೆಟ್ಟಿಗೆ ಹೊರುವವರು, ದೀಪ ಕಟ್ಟುವವರು. 2012ರಲ್ಲಿ ಚಿಲಿಯ ಸಾಂಟಿಯಾಗೊ ಕಾರ್ಯಕ್ರಮದ ‘ಎನ್ ವಿವೊ!’ ಡಿವಿಡಿ ಹೊರಬಂದಾಗ, ‘ಬಿಹೈಂಡ್ ದಿ ಬೀಸ್ಟ್’ ಎಂಬ ಪ್ರತ್ಯೇಕ ಸಾಕ್ಷ್ಯಚಿತ್ರವನ್ನೇ ಅವರ ಕೆಲಸದ ಮೇಲೆ ಮಾಡಲಾಗಿತ್ತು.