ಹೆಣ್ಣಿಲಿಗೆ ಎಷ್ಟು ಸೂಲು ಸಾಕು?

ಅಮೆರಿಕ, ಯುರೋಪುಗಳಲ್ಲಿ ಬಾಲ್ ಪೈಥಾನ್, ಬೋವಾ ಸಾಕುವ ಅನೇಕರು ಹಾವಿನ ಊಟಕ್ಕೆಂದೇ ಮನೆಯಲ್ಲಿ ಇಲಿ ಸಾಕುತ್ತಾರೆ. (ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಾಡಿನ ಹಾವನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ.) ಇಲಿ ಮರಿ ಹಾಕುವುದಕ್ಕೆ ಯಾರೂ ಕಷ್ಟಪಡಬೇಕಿಲ್ಲ. ಅದನ್ನು ತಡೆದು ನಿಲ್ಲಿಸುವುದೇ ಸಾಕುವವರ ಕೆಲಸ.

ಹೆಣ್ಣಿಲಿ ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗಬ್ಬದ ಅವಧಿ 21ರಿಂದ 23 ದಿನ. ಮರಿ ಹಾಕಿದ 24 ಗಂಟೆಯೊಳಗೆ ಅದು ಮತ್ತೆ ಬೆದೆಗೆ ಬರುತ್ತದೆ. ತೊಂದರೆ ಶುರುವಾಗುವುದು ಇಲ್ಲೇ. ಗಂಡು ಅದೇ ಡಬ್ಬದಲ್ಲಿದ್ದರೆ, ಹತ್ತು ಹನ್ನೆರಡು ಮರಿಗಳಿಗೆ ಹಾಲೂಡುತ್ತಲೇ ಹೆಣ್ಣು ಮುಂದಿನ ಸೂಲಿಗೆ ಗಬ್ಬವಾಗುತ್ತದೆ. ಲೆಕ್ಕದಲ್ಲಿ ಮರಿ ಹೆಚ್ಚು ಕಾಣುತ್ತವೆ, ನಿಜ. ಆದರೆ ತಾಯಿಯ ಬೆನ್ನುಮೂಳೆ ಕೈಗೆ ಸಿಗುವಷ್ಟು ಮೈ ಇಳಿಯುತ್ತದೆ, ಮರಿಗಳು ಸಣಕಲಾಗುತ್ತವೆ. ಹೊಟ್ಟೆ ಗುಂಡಗಾದದ್ದು ಕಂಡ ಕೂಡಲೇ ಗಂಡನ್ನು ಬೇರೆ ಮಾಡುವುದು ಲೇಸು.

ಒಂಬತ್ತು ಹೆಣ್ಣು, ಒಂದು ಗಂಡು ಇದೆಯೆನ್ನಿ. ಮೂರು ಮೂರರಂತೆ ಮೂರು ಗುಂಪು ಮಾಡಿ. ಮೊದಲ ಗುಂಪಿನೊಂದಿಗೆ ಗಂಡನ್ನು ಎರಡು ವಾರ ಬಿಡಿ. ಅಷ್ಟರಲ್ಲಿ ಎರಡು ಮೂರು ಬೆದೆ ಸಿಗುತ್ತವೆ. ಒಂದೆರಡು ವಾರದ ಬಿಡುವಿನ ನಂತರ ಅದು ಎರಡನೆಯ ಗುಂಪಿಗೆ, ಆಮೇಲೆ ಮೂರನೆಯದಕ್ಕೆ. ಇತ್ತ ಮೊದಲ ಗುಂಪಿಗೆ ಗಬ್ಬದ ಮೂರು ವಾರ, ಹಾಲೂಡುವ ನಾಲ್ಕು ವಾರ, ಮರಿ ಬಿಡಿಸಿದ ಮೇಲೆ ಎರಡು ವಾರ ವಿಶ್ರಾಂತಿ. ಒಟ್ಟು ಹನ್ನೊಂದು ವಾರಕ್ಕೊಂದು ಸುತ್ತು. ಮರಿಗಳೂ ಒಮ್ಮೆಲೇ ರಾಶಿ ಬೀಳದೆ ಮೂರ್ನಾಲ್ಕು ವಾರಕ್ಕೊಮ್ಮೆ ಸಿಗುತ್ತವೆ. ಮರಿಗಳಲ್ಲಿ ಗಂಡು ಹೆಣ್ಣನ್ನು ಐದನೆಯ ವಾರದೊಳಗೆ ಬೇರೆ ಮಾಡಲೇಬೇಕು. ಆ ವಯಸ್ಸಿಗೇ ಅವು ಗಬ್ಬ ಕಟ್ಟಬಲ್ಲವು.

ಮೊದಲ ಸೂಲಿಗೆ ನಾಲ್ಕು ತಿಂಗಳು ತುಂಬಿರಲಿ, ತೂಕ 250 ಗ್ರಾಂ ಆಸುಪಾಸಿರಲಿ. ಈ ಸುತ್ತಿನಲ್ಲಿ ಒಂದು ವರ್ಷದ ಹೊತ್ತಿಗೆ ನಾಲ್ಕು ಸೂಲು ಮುಗಿಯುತ್ತವೆ. ಅಲ್ಲಿಗೆ ನಿವೃತ್ತಿ ಎಂಬುದು ನನ್ನ ಪಕ್ಷ. ಐದಾರು ಸೂಲಿನವರೆಗೆ ಎಳೆಯುವವರಿದ್ದಾರೆ. ವರ್ಷ ದಾಟಿದಂತೆ ಮರಿಗಳ ಸಂಖ್ಯೆ ಇಳಿಯುತ್ತದೆ, ಗಬ್ಬ ನಿಲ್ಲುವುದೂ ತಡವಾಗುತ್ತದೆ.

ವಯಸ್ಸಿಗಿಂತ ಡಬ್ಬಕ್ಕೆ ಅಂಟಿಸಿದ ಚೀಟಿಯೇ ಹೆಚ್ಚು ಹೇಳುತ್ತದೆ. ಅದರಲ್ಲಿ ಹುಟ್ಟಿದ ದಿನ, ಪ್ರತಿ ಸೂಲಿನ ತಾರೀಖು, ಹುಟ್ಟಿದ ಮರಿ ಎಷ್ಟು, ಹಾಲು ಬಿಡಿಸುವಾಗ ಉಳಿದದ್ದೆಷ್ಟು ಇಷ್ಟಿದ್ದರೆ ಸಾಕು. 12, 11, 12 ಎಂದಿದ್ದ ಸಾಲಿನಲ್ಲಿ 6 ಬಂತೆಂದರೆ ಆ ಹೆಣ್ಣಿನ ಸರದಿ ಮುಗಿಯಿತು. ಎರಡು ಸಲ ಗಂಡಿನ ಜೊತೆ ಬಿಟ್ಟರೂ ಗಬ್ಬ ನಿಲ್ಲದ್ದು, ಮತ್ತೆ ಮತ್ತೆ ಮರಿ ತಿನ್ನುವುದು, ಹೊಟ್ಟೆಯಡಿ ಗಡ್ಡೆ ಕಂಡದ್ದು, ಉಸಿರಾಟದಲ್ಲಿ ಕಟಕಟ ಸದ್ದು ಬರುವುದು ಇವಕ್ಕೆ ವಯಸ್ಸು ನೋಡುವ ಅಗತ್ಯವೇ ಇಲ್ಲ.

ಹೋಗುವುದರ ಜಾಗಕ್ಕೆ ಬರುವುದನ್ನು ಮೂರು ತಿಂಗಳು ಮೊದಲೇ ಆರಿಸಿಡಬೇಕು: ಸಾಧು ಸ್ವಭಾವದ, ಒಂದೂ ಮರಿ ಕಳೆಯದ ತಾಯಿಯ ಹೆಣ್ಣುಮರಿ.

ನಿವೃತ್ತ ಇಲಿ ಸಾಮಾನ್ಯವಾಗಿ ದೊಡ್ಡ ಹಾವಿನ ಪಾಲು. ಕೆಲವರು ಮುದ್ದಿಗೂ ಇಟ್ಟುಕೊಳ್ಳುತ್ತಾರೆ, ಇಲಿಯ ಆಯಸ್ಸು ಎರಡು ಮೂರು ವರ್ಷವಷ್ಟೇ. ಹಾವಿಗೆ ಹಾಕುವುದಾದರೆ ಇಲಿ ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ತೀರ ದಪ್ಪವಿರಬಾರದು. ಜೀವಂತ ಹಾಕಲೂಬೇಡಿ, ಬೆಳೆದ ಇಲಿ ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ಕಾಯಿಲೆಯ, ಔಷಧಿ ಕೊಟ್ಟ ಇಲಿಯನ್ನಂತೂ ಹಾವಿನ ಹತ್ತಿರ ಒಯ್ಯಬೇಡಿ.